ಒಳಗಿನಿಂದ ಚಿಲಕ ಹಾಕಿಕೊಳ್ಳುವ ಹಕ್ಕು

ಕೆನಡಾದ ಉತ್ತರ ತುದಿಯ ಊರುಗಳಲ್ಲಿ ಜನವರಿಯ ರಾತ್ರಿ ಬೀದಿಯಲ್ಲಿ ಮಲಗಿರುವ ಹೆಂಗಸು ಕಣ್ಣಿಗೆ ಬೀಳುವುದು ಅಪರೂಪ. ಸೊನ್ನೆಗಿಂತ ಮೂವತ್ತು, ನಲವತ್ತು ಡಿಗ್ರಿ ಕೆಳಗಿಳಿಯುವ ಆ ಚಳಿಯಲ್ಲಿ ಹೊರಗೆ ಮಲಗಿದವರು ಬೆಳಿಗ್ಗೆ ಏಳುವ ಖಾತ್ರಿಯಿಲ್ಲ. ಹಾಗಾಗಿ ಮನೆಯಿಲ್ಲದ ಹೆಂಗಸು ಅಲ್ಲಿ ಯಾರದಾದರೂ ಮನೆಯೊಳಗೇ ಇರುತ್ತಾಳೆ. ಅಕ್ಕನ ಮನೆಯ ಸೋಫಾದ ಮೇಲೆ, ಗೆಳತಿಯ ಅಡುಗೆಮನೆಯ ನೆಲದ ಮೇಲೆ, ಅಷ್ಟಾಗಿ ಪರಿಚಯವಿಲ್ಲದ ಗಂಡಸೊಬ್ಬನ ಕೋಣೆಯಲ್ಲಿ, ಇಲ್ಲವೇ ಹೊಡೆಯುವ ಗಂಡನ ಪಕ್ಕದಲ್ಲಿ. ಬೀದಿಯಲ್ಲಿ ಕಂಡವರನ್ನು, ಆಶ್ರಯಧಾಮದ ರಿಜಿಸ್ಟರಿನಲ್ಲಿ ಹೆಸರಿದ್ದವರನ್ನು ಒಂದು ರಾತ್ರಿ ಕೂತು ಎಣಿಸಿದರೆ ಇವಳು ಸುಲಭವಾಗಿ ತಪ್ಪಿಹೋಗುತ್ತಾಳೆ. ನೋಡುವವರ ಪಾಲಿಗೆ ಅವಳ ತಲೆಯ ಮೇಲೆ ಸೂರಿದೆ.

ಆ ಸೂರಿಗೆ ಅವಳು ಬಾಡಿಗೆ ಕೊಡುತ್ತಲೇ ಇರುತ್ತಾಳೆ. ಆ ಮನೆಯ ಮಕ್ಕಳನ್ನು ನೋಡಿಕೊಳ್ಳುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಮನೆಯವರ ಮುಖ ಗಂಟಿಕ್ಕಿದ ದಿನ ಮಕ್ಕಳ ಬಾಯಿ ಮುಚ್ಚಿಸುತ್ತಾಳೆ. ಕೆಲವೊಮ್ಮೆ ತನ್ನ ಮೈಯನ್ನೇ ಕೊಡಬೇಕಾಗುತ್ತದೆ. ಮನೆ ಎಂದರೇನು ಎಂದು ಯಾರಾದರೂ ಕೇಳಿದರೆ ಗೋಡೆ, ಮಾಡು, ಒಲೆ ಎಂದು ಹೇಳಿ ಸುಮ್ಮನಾಗುತ್ತೇವೆ. ಅವಳಿಗೆ ಇವೆಲ್ಲವೂ ಇವೆ, ಉತ್ತರದ ಮನೆಗಳಲ್ಲಿ ಹೀಟರ್ ಕೂಡ ಇದೆ. ಇಲ್ಲದಿರುವುದು, ‘ಹೊರಗೆ ನಡಿ’ ಎಂದು ಯಾರೂ ಹೇಳಲಾಗದ ಒಂದು ಜಾಗ. ರಾತ್ರಿ ಒಳಗಿನಿಂದ ಚಿಲಕ ಹಾಕಿಕೊಂಡು ಮಕ್ಕಳನ್ನು ಮಗ್ಗುಲಿಗೆ ಎಳೆದುಕೊಂಡು ನಿದ್ದೆ ಹೋಗಬಹುದಾದ ಒಂದು ಬಾಗಿಲು. ಅದಿಲ್ಲದವರು ವಸತಿರಹಿತರೇ ಎಂದು ನಾನು ನಂಬುತ್ತೇನೆ. ಮನೆ ಹಂಚುವ ಯಾವ ಸರ್ಕಾರವೇ ಆಗಲಿ, ಅದರ ನೀತಿಯನ್ನು ಅಳೆಯಬೇಕಾದದ್ದು ಈ ಚಿಲಕದಿಂದ.

2007ರಲ್ಲಿ ಯೂಕಾನ್, ನಾರ್ತ್‌ವೆಸ್ಟ್ ಟೆರಿಟರೀಸ್, ನುನಾವುತ್ ಎಂಬ ಮೂರೂ ಉತ್ತರ ಪ್ರದೇಶಗಳ ಮಹಿಳಾ ಸಂಘಟನೆಗಳು ಸೇರಿ ಒಂದು ಅಧ್ಯಯನ ಹೊರತಂದವು. ‘ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಬಿಡಬಹುದು’ ಎಂಬರ್ಥದ ಹೆಸರು ಅದಕ್ಕೆ. ಮನೆ ಕಳೆದುಕೊಂಡ ಹೆಂಗಸರನ್ನೇ ಕೂರಿಸಿ ಮಾತಾಡಿಸಿ ಬರೆದದ್ದು. ಉತ್ತರದಲ್ಲಿ ಬದುಕುವ ಯಾವ ಹೆಂಗಸೂ ಈ ಅಪಾಯದಿಂದ ಪೂರ್ತಿ ಹೊರಗಿಲ್ಲ ಎಂಬುದು ಅದರ ತಿರುಳು. ಕೆಲಸ ಹೋದರೆ ಕೆಲಸದ ಜೊತೆ ಬಂದ ಕ್ವಾರ್ಟರ್ಸ್ ಹೋಗುತ್ತದೆ. ಗಂಡ ಸತ್ತರೆ, ಬಿಟ್ಟುಹೋದರೆ, ಕುಡಿದು ಬಾಗಿಲು ಒಡೆದರೆ ಅವನ ಹೆಸರಿನಲ್ಲಿದ್ದ ಮನೆ ಹೋಗುತ್ತದೆ. ನಡುವೆ ತಡೆಯಲು ಏನೂ ಇಲ್ಲ: ಖಾಲಿ ಇರುವ ಅಗ್ಗದ ಬಾಡಿಗೆ ಮನೆಯಿಲ್ಲ, ಎಷ್ಟೋ ಕಡೆ ಪಕ್ಕದ ಊರಿಗೆ ರಸ್ತೆಯಿಲ್ಲ.

ರಸ್ತೆಯಿಲ್ಲ ಎಂಬ ಮಾತನ್ನು ನಾವು ಇಲ್ಲಿ ಕೂತು ಸರಿಯಾಗಿ ಅರ್ಥಮಾಡಿಕೊಳ್ಳುವುದು ಕಷ್ಟ. ನುನಾವುತ್ ಭಾರತದ ಅರ್ಧಕ್ಕಿಂತ ಹೆಚ್ಚು ವಿಸ್ತಾರದ ನೆಲ. ಅಲ್ಲಿರುವುದು 25 ಊರುಗಳು, ಎಲ್ಲ ಸೇರಿ ನಲವತ್ತು ಸಾವಿರದಷ್ಟು ಜನ, ಹೆಚ್ಚಿನವರು ಇನುಯಿಟ್ ಮೂಲನಿವಾಸಿಗಳು. ಒಂದು ಊರಿನಿಂದ ಇನ್ನೊಂದಕ್ಕೆ ಹೆದ್ದಾರಿ ಎಂಬುದೇ ಇಲ್ಲ. ಮನೆ ಕಟ್ಟುವ ಮರ, ಮೊಳೆ, ಕಿಟಕಿಯ ಗಾಜು ಎಲ್ಲವೂ ಸಮುದ್ರದ ಹಿಮ ಕರಗುವ ಬೇಸಿಗೆಯ ಕೆಲವೇ ತಿಂಗಳಲ್ಲಿ ಹಡಗಿನಲ್ಲಿ ಬರಬೇಕು. ಆ ಹಡಗು ತಪ್ಪಿದರೆ ಕೆಲಸ ಮುಂದಿನ ವರ್ಷಕ್ಕೆ. ನೆಲದಡಿಯ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿರುವುದರಿಂದ ಮನೆಗಳನ್ನು ಉಕ್ಕಿನ ಕಂಬಗಳ ಮೇಲೆ ನಿಲ್ಲಿಸುತ್ತಾರೆ. ಖರ್ಚು ದಕ್ಷಿಣ ಕೆನಡಾದ ಕೆಲವು ಪಟ್ಟು. ಇನುಯಿಟ್ ನೆಲದಲ್ಲಿ ವಾಸಿಸುವ ಇನುಯಿಟ್ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಿಕ್ಕಿರಿದ ಮನೆಗಳಲ್ಲಿದ್ದಾರೆ ಎಂದು 2021ರ ಜನಗಣತಿ ಹೇಳಿತು. ಹಾಸಿಗೆ ಸಾಲದೆ ಸರದಿಯಲ್ಲಿ ಮಲಗುವ ಮನೆಗಳಿವೆ. ರಾತ್ರಿ ಕೆಲವರು, ಅವರು ಎದ್ದ ಮೇಲೆ ಕೆಲವರು.

ಇಂಥ ಒಂದು ಊರಿನ ಹೆಂಗಸನ್ನು ಮನಸ್ಸಿನಲ್ಲಿ ತಂದುಕೊಳ್ಳೋಣ. ಇವಳು ನನ್ನ ಕಲ್ಪನೆಯವಳು, ಅವಳ ದಾರಿಗೆ ಅಡ್ಡ ಬರುವ ನಿಯಮಗಳು ಕಲ್ಪನೆಯವಲ್ಲ. ವಯಸ್ಸು ಇಪ್ಪತ್ತೆಂಟು, ಎರಡು ಮಕ್ಕಳು. ಊರು ನುನಾವುತ್‌ನ ಪಶ್ಚಿಮ ಭಾಗದ ಕಿಟಿಕ್‌ಮಿಯೊಟ್ ಕಡೆಯದು. ಆ ಕಡೆಯವರಿಗೆ ದೊಡ್ಡಾಸ್ಪತ್ರೆ ಎಂದರೂ ಪೇಟೆ ಎಂದರೂ ಹತ್ತಿರದ್ದು ಪಕ್ಕದ ಪ್ರದೇಶದ ರಾಜಧಾನಿ ಯೆಲ್ಲೋನೈಫ್. ಮನೆ ಸರ್ಕಾರದ್ದು, ಬಾಡಿಗೆ ಕರಾರಿನಲ್ಲಿ ಗಂಡನ ಜೊತೆ ಇವಳ ಸಹಿಯೂ ಇದೆ.

ಒಂದು ರಾತ್ರಿ ಅವನು ಹೊಡೆಯುತ್ತಾನೆ. ಇವಳು ಮಕ್ಕಳೊಡನೆ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾಳೆ. ಅವನು ಬಾಗಿಲನ್ನು ಒದ್ದು ಕೀಲು ಕೀಳುತ್ತಾನೆ. ಊರಿನಲ್ಲಿ ಹೆಂಗಸರ ಆಶ್ರಯಧಾಮ ಇಲ್ಲ. ಇನುಯಿಟ್ ಊರುಗಳಲ್ಲಿ ಹೆಚ್ಚಿನವುಗಳ ಸ್ಥಿತಿ ಇದೇ, 1984ರಲ್ಲಿ ಹುಟ್ಟಿದ ಇನುಯಿಟ್ ಮಹಿಳೆಯರ ಸಂಘಟನೆ ಪೌಕ್ಟುಟಿಟ್ ಇದನ್ನು ಹೇಳಿ ಹೇಳಿ ದಣಿದಿದೆ. ಅಮ್ಮನ ಮನೆಗೆ ಹೋಗೋಣವೆಂದರೆ ಅಲ್ಲಿ ಮೂರು ಕೋಣೆಗೆ ಒಂಬತ್ತು ಜನ. ನಾಲ್ಕು ರಾತ್ರಿ ಅಲ್ಲಿ ನೆಲದ ಮೇಲೆ ಮಲಗುತ್ತಾಳೆ. ಊರು ಚಿಕ್ಕದು, ಅವನು ದಿನಾ ಆ ಮನೆಯ ಮುಂದೆಯೇ ಹೋಗುತ್ತಾನೆ. ಉಳಿದದ್ದು ವಿಮಾನ. ಟಿಕೆಟ್ಟಿನ ಬೆಲೆ ಅವಳ ಕೈಗೆಟುಕುವಂಥದ್ದಲ್ಲ. ಸಮಾಜ ಸೇವಾ ಕಚೇರಿಯವರು ಒಪ್ಪಬೇಕು, ಹವೆ ತಿಳಿಯಾಗಬೇಕು. ಮಕ್ಕಳಿಗೆ ಕೋಟು ತೊಡಿಸಿ ಹೊರಟಾಗ ಊರಿಗೆಲ್ಲ ಗೊತ್ತಾಗುತ್ತದೆ. ಗುಟ್ಟಾಗಿ ಓಡಿಹೋಗುವುದಕ್ಕೂ ಅಲ್ಲಿ ದಾರಿಯಿಲ್ಲ.

ಯೆಲ್ಲೋನೈಫ್‌ನ ಆಶ್ರಯಧಾಮದಲ್ಲಿ ಬೆಚ್ಚನೆಯ ಹಾಸಿಗೆ ಸಿಗುತ್ತದೆ, ಮಾತಾಡಿಸುವವರು ಸಿಗುತ್ತಾರೆ. ಆದರೆ ಆ ಹಾಸಿಗೆ ಕೆಲವು ವಾರಗಳದ್ದು. ಅವಳು ವಸತಿ ಕಚೇರಿಗೆ ಹೋಗುತ್ತಾಳೆ. ಅಲ್ಲಿ ಹಳೆಯ ಬಾಕಿಯ ಪ್ರಶ್ನೆ ಬರುತ್ತದೆ. ಅವನು ಕಟ್ಟದೆ ಬಿಟ್ಟ ಬಾಡಿಗೆ, ಅದರ ಜೊತೆಗೆ ಒಡೆದ ಬಾಗಿಲಿನ ರಿಪೇರಿ ಖರ್ಚು. ಕರಾರಿನಲ್ಲಿ ಇಬ್ಬರ ಸಹಿ ಇರುವುದರಿಂದ ಸಾಲ ಇಬ್ಬರದ್ದು. ತನ್ನನ್ನು ಹೊಡೆಯಲು ಅವನು ಮುರಿದ ಬಾಗಿಲಿನ ಬೆಲೆ ಈಗ ಇವಳ ಹೆಸರಿನಲ್ಲಿ ನಿಂತಿದೆ. ಬಾಕಿ ತೀರಿಸದವರಿಗೆ, ಕೊನೇ ಪಕ್ಷ ತೀರಿಸುವ ಒಪ್ಪಂದ ಮಾಡಿಕೊಳ್ಳದವರಿಗೆ ಹೊಸ ಮನೆಯಿಲ್ಲ. ಊರಿನಲ್ಲಿ ಇಂತಿಷ್ಟು ಕಾಲ ನೆಲೆಸಿರಬೇಕೆಂಬ ಷರತ್ತು ಬೇರೆ. ಇವೆರಡನ್ನೂ ದಾಟಿದರೆ ಸರದಿ ಪಟ್ಟಿಯ ಕೊನೆ. ಖಾಸಗಿ ಮನೆ ನೋಡೋಣವೆಂದರೆ ವಜ್ರದ ಗಣಿಗಳ, ಸರ್ಕಾರಿ ನೌಕರರ ಸಂಬಳಕ್ಕೆ ತಕ್ಕಂತೆ ಏರಿದ ಬಾಡಿಗೆ, ಮುಂಗಡ ಠೇವಣಿ, ಹಿಂದಿನ ಮನೆಯ ಮಾಲೀಕರ ಶಿಫಾರಸು ಪತ್ರ.

ವಾರಗಳು ಮುಗಿಯುತ್ತವೆ. ಮಕ್ಕಳಿಗೆ ತಕ್ಕ ಮನೆಯಿಲ್ಲವೆಂದು ಮಕ್ಕಳ ಕಲ್ಯಾಣ ಇಲಾಖೆ ಒಳಗೆ ಬರುತ್ತದೆ. ಮಕ್ಕಳನ್ನು ಬೇರೆಯವರ ಆರೈಕೆಗೆ ಒಪ್ಪಿಸಿದ ಮೇಲೆ ಮಕ್ಕಳಿಗೆಂದು ಬರುತ್ತಿದ್ದ ಭತ್ಯೆ ನಿಲ್ಲುತ್ತದೆ, ಮನೆ ಹಂಚುವವರ ಕಣ್ಣಿಗೆ ಅವಳು ಒಂಟಿ ಹೆಂಗಸಾಗುತ್ತಾಳೆ. ಒಂಟಿ ಹೆಂಗಸಿಗೆ ಎರಡು ಕೋಣೆಯ ಮನೆ ಕೊಡುವುದಿಲ್ಲ. ಎರಡು ಕೋಣೆಯ ಮನೆಯಿಲ್ಲದೆ ಮಕ್ಕಳನ್ನು ಹಿಂದಿರುಗಿಸುವುದಿಲ್ಲ. ಹೀಗಾಗಬಾರದೆಂದು ಹೆದರಿ, ಇಲಾಖೆಯವರು ಬರುವ ಮುನ್ನವೇ ಎಷ್ಟೋ ತಾಯಂದಿರು ಮಕ್ಕಳ ಕೈಹಿಡಿದು ಹೊಡೆಯುವವನ ಮನೆಗೇ ಮರಳುತ್ತಾರೆ. ತಾನಾಗಿಯೇ ಹೋದಳಲ್ಲ ಎಂದು ಸುತ್ತಲಿನವರು ಹೇಳುತ್ತಾರೆ.

ನನ್ನನ್ನು ಕಾಡುವುದು ಈ ದಾರಿಯಲ್ಲಿ ಕ್ರೂರಿ ಎನ್ನಬಹುದಾದ ಅಧಿಕಾರಿ ಒಬ್ಬನೂ ಎದುರಾಗದಿರುವುದು. ಬಾಕಿ ಇಟ್ಟವರಿಗೆ ಮನೆ ಕೊಡುತ್ತಾ ಹೋದರೆ ಉಳಿದವರ ಮನೆಗಳ ರಿಪೇರಿಗೆ ದುಡ್ಡೆಲ್ಲಿ ಎಂದು ವಸತಿ ಕಚೇರಿಯವರು ಕೇಳಿದರೆ ಅದರಲ್ಲಿ ನ್ಯಾಯವಿದೆ. ಊರಿನವರೇ ವರ್ಷಗಟ್ಟಲೆ ಕಾಯುತ್ತಿರುವಾಗ ಹೊರಗಿನವರಿಗೆ ಮೊದಲು ಹೇಗೆ ಕೊಡುವುದು ಎಂಬುದರಲ್ಲೂ ನ್ಯಾಯವಿದೆ. ಮಗು ಸೋಫಾದಿಂದ ಸೋಫಾಕ್ಕೆ ಅಲೆಯಬಾರದು ಎನ್ನುವ ಸಮಾಜ ಸೇವಕಿಯ ಮನಸ್ಸಿನಲ್ಲಿ ಕರುಣೆಯೇ ಇದೆ. ಒಂದೊಂದೂ ಸರಿಯಾದ ನಿಯಮಗಳು ಕೂಡಿಕೊಂಡು ಒಬ್ಬ ಹೆಂಗಸನ್ನು ಹೊಡೆತದ ಮನೆಗೆ ಮರಳಿ ಅಟ್ಟಿದಾಗ ಪಾಪ ಯಾರದ್ದು? ನಮ್ಮ ನೀತಿಯ ಪಾಠಗಳೆಲ್ಲ ಕೇಡು ಮಾಡಿದವನ ಮನಸ್ಸನ್ನು ಹುಡುಕುತ್ತವೆ. ಕೆಟ್ಟ ಮನಸ್ಸು ಸಿಗದಿದ್ದರೆ ಕೇಡೇ ಆಗಿಲ್ಲವೆಂಬಂತೆ ನಡೆದುಕೊಳ್ಳುತ್ತೇವೆ. ಇಲ್ಲಿ ಕೇಡು ಆಗಿದೆ. ಅದಕ್ಕೆ ಹೊಣೆ, ಒಂದು ಕಚೇರಿಯ ನಿಯಮ ಇನ್ನೊಂದು ಕಚೇರಿಯ ನಿಯಮಕ್ಕೆ ತಾಗುವ ಜಾಗದಲ್ಲಿ ಒಬ್ಬ ಹೆಂಗಸು ನಿಂತಿದ್ದಾಳೆ ಎಂದು ನೋಡದವರದ್ದು. ನೋಡುವ ಅಧಿಕಾರವಿದ್ದೂ ನೋಡದವರದ್ದು ಇನ್ನೂ ಹೆಚ್ಚು.

ಹಿಂದೆ ಇನುಯಿಟ್ ಜನ ಹೇಗೆ ಬದುಕಿದ್ದರು ಎಂಬುದನ್ನೂ ಮರೆಯಬಾರದು. ಚಳಿಗಾಲಕ್ಕೆ ಹಿಮದ ಮನೆ, ಬೇಸಿಗೆಗೆ ಚರ್ಮದ ಗುಡಾರ. ಗುಡಾರದ ಚರ್ಮ ಹೊಲಿಯುತ್ತಿದ್ದವರು ಹೆಂಗಸರು. ಮನೆಗೆ ಬೆಳಕು, ಬಿಸಿ ಎರಡನ್ನೂ ಕೊಡುತ್ತಿದ್ದ ಸೀಲ್ ಎಣ್ಣೆಯ ಕಲ್ಲುದೀಪ ಹೆಂಗಸಿನ ಉಸ್ತುವಾರಿಯದು. ಆ ಬದುಕನ್ನು ಹೊಗಳಿ ಹೂವೇರಿಸುವ ಆಸೆ ನನಗಿಲ್ಲ, ಹಸಿವಿನಿಂದ ಸತ್ತವರ ನೆನಪು ಅಲ್ಲಿನ ಹಿರಿಯರಿಗಿದೆ. ಆದರೂ ಮನೆ ಎಂಬುದು ಅವಳ ಕೈಯಿಂದ ಆಗುತ್ತಿದ್ದ ವಸ್ತುವಾಗಿತ್ತು. 1950 ಮತ್ತು 60ರ ದಶಕಗಳಲ್ಲಿ ಸರ್ಕಾರ ಈ ಅಲೆಮಾರಿ ಕುಟುಂಬಗಳನ್ನು ಒಂದೆಡೆ ತಂದು ನೆಲೆಗೊಳಿಸಿತು. ಕೆಲವರು ಶಾಲೆ, ಆಸ್ಪತ್ರೆ, ಕಡಿಮೆ ಬಾಡಿಗೆಯ ಮನೆ ಸಿಗುತ್ತದೆಂದು ಬಂದರು, ಕೆಲವರು ಬೇರೆ ದಾರಿಯಿಲ್ಲದೆ ಬಂದರು. ಬಂದವರಿಗೆ ಸಿಕ್ಕಿದ್ದು ಒಂದೇ ಕೋಣೆಯ, ಜನ ಬೆಂಕಿಪೊಟ್ಟಣವೆಂದೇ ಕರೆದ ಪುಟ್ಟ ಮನೆಗಳು. ಮನೆಯ ಜೊತೆ ಬಾಡಿಗೆ ಪುಸ್ತಕ ಬಂತು, ಕುಟುಂಬಕ್ಕೆ ಯಜಮಾನನೊಬ್ಬನಿರಬೇಕು, ಅವನು ಗಂಡಸಾಗಿರಬೇಕು ಎಂಬ ದಕ್ಷಿಣದವರ ಎಣಿಕೆಯೂ ಬಂತು. ಮಕ್ಕಳು ವಸತಿ ಶಾಲೆಗಳಿಗೆ ಹೋದರು, ಅಲ್ಲಿ ಏಟು ತಿಂದು, ಅದಕ್ಕಿಂತ ಕೆಟ್ಟದ್ದನ್ನು ಅನುಭವಿಸಿ ಬೆಳೆದವರು ಮುಂದೆ ಗಂಡಂದಿರಾದರು, ಹೆಂಡಿರಾದರು. ಹೊಡೆಯುವ ಕೈಯ ಹಿಂದೆ ಈ ಚರಿತ್ರೆಯಿದೆ. ಹೊಡೆತ ತಿನ್ನುವವಳಿಗೂ ಇದೇ ಚರಿತ್ರೆಯಿದೆ ಎಂಬುದನ್ನು ಹಿಂದೆಯೇ ಹೇಳಬೇಕು.

ಆಮೇಲೆ 1993ರಲ್ಲಿ ಒಟ್ಟಾವಾದ ಕೇಂದ್ರ ಸರ್ಕಾರ ಹೊಸ ಸಾರ್ವಜನಿಕ ವಸತಿಗೆ ಹಣ ಕೊಡುವುದನ್ನೇ ನಿಲ್ಲಿಸಿತು. ಮಕ್ಕಳ ಸಂಖ್ಯೆ ಹೆಚ್ಚುತ್ತಿದ್ದ ಕಾಲ ಅದು. ಆಗ ಕಟ್ಟದ ಮನೆಗಳ ಬೆಲೆಯನ್ನು ಇಂದಿನ ಹೆಂಗಸರು ತೆರುತ್ತಿದ್ದಾರೆ. 2022ರಲ್ಲಿ ನುನಾವುತ್ ಸರ್ಕಾರ 2030ರೊಳಗೆ 3,000 ಮನೆಗಳ ಯೋಜನೆ ಘೋಷಿಸಿತು. ಬೇಕಾದದ್ದೇ, ಬೇಗ ಆಗಬೇಕಾದದ್ದೇ.

ಯೆಲ್ಲೋನೈಫ್‌ಗೆ ಮರಳುತ್ತೇನೆ. ಇಪ್ಪತ್ತು ಸಾವಿರ ಜನರ ಆ ಊರಿನಲ್ಲಿ ರಾಕ್‌ಹಿಲ್ ಎಂಬ ಕಟ್ಟಡವಿತ್ತು. ವೈಡಬ್ಲ್ಯೂಸಿಎ ಸಂಸ್ಥೆ ಮನೆಯಿಲ್ಲದ ಕುಟುಂಬಗಳಿಗೆ ಅಲ್ಲಿ ತಾತ್ಕಾಲಿಕವಾಗಿ ನೆಲೆ ಕೊಡುತ್ತಿತ್ತು. ಖಾಸಗಿ ಮನೆಗಳ ಬಾಗಿಲು ತೆರೆಯದವರಿಗೆ ಅದೇ ಗತಿ. 2018ರ ಅಕ್ಟೋಬರ್‌ನಲ್ಲಿ ಒಂದು ರಾತ್ರಿ ಬೆಂಕಿ ಬಿದ್ದು ಕಟ್ಟಡ ನೆಲಸಮವಾಯಿತು. ಜೀವಹಾನಿಯಾಗಲಿಲ್ಲ, ಆದರೆ 33 ಕುಟುಂಬಗಳು ಉಟ್ಟ ಬಟ್ಟೆಯಲ್ಲಿ ಹೊರಗೆ ನಿಂತವು. ಊರು ಓಡಿ ಬಂತು. ಬಟ್ಟೆ, ಆಟಿಕೆ, ಪಾತ್ರೆ ರಾಶಿ ಬಿದ್ದವು. ಹೆಚ್ಚು ಕಾಲ ಕಳೆಯುವ ಮುನ್ನವೇ ಆ ಕುಟುಂಬಗಳಿಗೆ ಊರಿನ ಬಾಡಿಗೆ ಮನೆಗಳಲ್ಲಿ ಜಾಗವೂ ಆಯಿತು. ಮುಂದೆ ಸಂಸ್ಥೆ ಒಂದೇ ಕಟ್ಟಡದ ಬದಲು ಊರಿನಲ್ಲಿ ಅಲ್ಲಲ್ಲಿ ಮನೆ ಹಿಡಿದು ಕುಟುಂಬಗಳನ್ನು ನೆಲೆಗೊಳಿಸುವ ಕ್ರಮಕ್ಕೆ ಬಂತು.

ಆ ಊರಿನವರ ಮೇಲೆ ನನಗೆ ಗೌರವ ಹುಟ್ಟಿದ್ದು ಈ ಸುದ್ದಿ ಓದಿದಾಗ. ಹಿಂದೆಯೇ ಒಂದು ನೋವೂ ಹುಟ್ಟಿತು. ಬೆಂಕಿ ಬೀಳುವ ಹಿಂದಿನ ದಿನವೂ ಆ ಮನೆಗಳು ಊರಿನಲ್ಲಿ ಇದ್ದವಲ್ಲ. ಆ ತಾಯಂದಿರು ಅದೇ ತಾಯಂದಿರು, ಅದೇ ಬಾಕಿ, ಅದೇ ಶಿಫಾರಸು ಪತ್ರದ ಕೊರತೆ. ಬದಲಾದದ್ದು ಅವರ ಕಷ್ಟ ಎಲ್ಲರ ಕಣ್ಣಿಗೆ ಬಿದ್ದದ್ದು. ಬೆಂಕಿಯಿಂದ ಮನೆ ಕಳೆದುಕೊಂಡವಳನ್ನು ‘ನೀನೇನು ತಪ್ಪು ಮಾಡಿದೆ’ ಎಂದು ಯಾರೂ ಕೇಳಲಿಲ್ಲ. ಗಂಡನ ಕೈಯಿಂದ ಮನೆ ಕಳೆದುಕೊಂಡವಳನ್ನು ಕೇಳುತ್ತೇವೆ. ನಮ್ಮೂರುಗಳಲ್ಲೂ ಕೇಳುತ್ತೇವೆ.

2023ರ ಆಗಸ್ಟ್‌ನಲ್ಲಿ ಕಾಡ್ಗಿಚ್ಚು ಹತ್ತಿರ ಬಂದಾಗ ಯೆಲ್ಲೋನೈಫ್ ಊರಿಗೆ ಊರೇ ಖಾಲಿಯಾಯಿತು. ಸುಮಾರು ಮೂರು ವಾರ ಜನ ದಕ್ಷಿಣದ ಪಟ್ಟಣಗಳ ಹೋಟೆಲುಗಳಲ್ಲಿ, ನೆಂಟರ ಮನೆಗಳಲ್ಲಿ, ಅಪರಿಚಿತರ ಮನೆಗಳಲ್ಲಿ ಇದ್ದರು. ಬೇರೆಯವರ ಬಚ್ಚಲುಮನೆಗೆ ಸರದಿ ಕಾಯುವುದು, ಮಕ್ಕಳು ಗಲಾಟೆ ಮಾಡಿದರೆ ಮುಜುಗರಪಡುವುದು, ಇನ್ನೆಷ್ಟು ದಿನ ಎಂದು ತಿಳಿಯದಿರುವುದು ಏನೆಂಬುದು ಆ ಊರಿನ ಮಂತ್ರಿಯಿಂದ ಗುಮಾಸ್ತರವರೆಗೆ ಎಲ್ಲರಿಗೂ ಆಗ ಗೊತ್ತಾಗಿರಬೇಕು. ಆ ಅನುಭವ ವಸತಿ ಕಚೇರಿಯ ಮೇಜಿನವರೆಗೆ ಬರಲಿ ಎಂದು ನಾನು ಮನಸಾರೆ ಬಯಸುತ್ತೇನೆ.

ಈ ವಿಷಯಕ್ಕೂ ನಮಗೂ ಒಂದು ನೇರ ನಂಟಿದೆ. ವಸತಿ ಹಕ್ಕಿನ ಬಗ್ಗೆ ವಿಶ್ವಸಂಸ್ಥೆ ನೇಮಿಸಿದ ಮೊದಲ ವಿಶೇಷ ವರದಿಗಾರ ನಮ್ಮವರೇ ಆದ ಮಿಲೂನ್ ಕೊಠಾರಿ. ಹೆಂಗಸಿನ ವಸತಿ ಹಕ್ಕನ್ನು ಗಂಡನ, ತಂದೆಯ ಹಕ್ಕಿನ ಬಾಲವಾಗಿ ನೋಡಬಾರದು, ಅದು ಅವಳದೇ ಆಗಿರಬೇಕು ಎಂಬ ವಾದವನ್ನು ತಮ್ಮ ಅವಧಿಯುದ್ದಕ್ಕೂ ಮುಂದಿಟ್ಟವರು. ಉತ್ತರದ ಆ ಅಧ್ಯಯನ ಹೊರಬಂದ 2007ರಲ್ಲೇ ಅವರು ಕೆನಡಾಕ್ಕೆ ಹೋಗಿ, ಅಷ್ಟು ಶ್ರೀಮಂತ ದೇಶದಲ್ಲಿ ಇಷ್ಟು ಜನ ಮನೆಯಿಲ್ಲದಿರುವುದನ್ನು ಎತ್ತಿ ಹೇಳಿದರು. ಕೆನಡಾ 2019ರಲ್ಲಿ ಯೋಗ್ಯ ವಸತಿಯನ್ನು ಮೂಲಭೂತ ಮಾನವ ಹಕ್ಕೆಂದು ಕಾನೂನಿನಲ್ಲಿ ಬರೆಯಿತು, 2022ರಲ್ಲಿ ಅದನ್ನು ಗಮನಿಸಲೆಂದೇ ವಸತಿ ಹಕ್ಕಿನ ಒಬ್ಬ ಪ್ರತಿಪಾದಕಿಯನ್ನು ನೇಮಿಸಿತು. ಅವರು ನುನಾವುತ್‌ಗೂ ಹೋಗಿ ಮನೆಗಳ ಒಳಹೊಕ್ಕು ನೋಡಿ ಬಂದರು. ಆದರೆ ಒಬ್ಬ ಹೆಂಗಸು ಆ ಕಾನೂನನ್ನು ಹಿಡಿದು ಕೋರ್ಟಿಗೆ ಹೋಗಿ ತನಗೊಂದು ಮನೆ ಕೊಡಿಸಿ ಎಂದು ಕೇಳುವಂತೆ ಅದನ್ನು ಬರೆದಿಲ್ಲ.

ಕೌಟುಂಬಿಕ ದೌರ್ಜನ್ಯದ ಕಾನೂನುಗಳು ಈ ದೃಷ್ಟಿಯಿಂದ ಒಂದು ಹೆಜ್ಜೆ ಮುಂದಿವೆ. ನಮ್ಮ ಸಂಸತ್ತು 2005ರಲ್ಲಿ ಮಾಡಿದ ಕಾಯಿದೆ, ಆಸ್ತಿಪತ್ರ ಯಾರ ಹೆಸರಿನಲ್ಲೇ ಇರಲಿ, ಕೂಡಿ ಬಾಳಿದ ಮನೆಯಲ್ಲಿ ಇರುವ ಹಕ್ಕು ಹೆಂಗಸಿಗಿದೆ ಎಂದಿತು. ಅದೇ 2005ರಲ್ಲಿ ನಾರ್ತ್‌ವೆಸ್ಟ್ ಟೆರಿಟರೀಸ್‌ನಲ್ಲೂ ಒಂದು ಕಾಯಿದೆ ಜಾರಿಗೆ ಬಂತು. ತುರ್ತು ಆದೇಶ ಹೊರಡಿಸಿ ಹೊಡೆಯುವವನನ್ನು ಮನೆಯಿಂದ ಹೊರಗಿಟ್ಟು ಅವಳನ್ನೂ ಮಕ್ಕಳನ್ನೂ ಒಳಗೆ ಉಳಿಸುವ ಅವಕಾಶ ಅದರಲ್ಲಿದೆ. ಬರವಣಿಗೆಯಲ್ಲಿ ಇದು ಅದ್ಭುತ. ಆಚರಣೆಯಲ್ಲಿ ಮಾತ್ರ ಬೇರೆ ಪ್ರಶ್ನೆಗಳು ಏಳುತ್ತವೆ. ಮುನ್ನೂರು ಜನರ ಊರಿನಲ್ಲಿ ಅವನನ್ನು ಹೊರಹಾಕಿದರೆ ಅವನು ಹೋಗುವುದು ಎಲ್ಲಿಗೆ? ಅವನ ಅಮ್ಮನ ಮನೆಯಲ್ಲೂ ಜಾಗವಿಲ್ಲ. ಹೊರಗೆ ಮೈನಸ್ ನಲವತ್ತು. ಅವನ ಚಳಿಯ ಹೊಣೆಯನ್ನೂ ಊರು ಅವಳ ತಲೆಗೇ ಕಟ್ಟುತ್ತದೆ. ಆದ್ದರಿಂದ ಗಂಡಸರಿಗೂ ಬೇರೆ ತಂಗುದಾಣ ಬೇಕೆಂದು ಹೇಳುವವರನ್ನು ನಾನು ಒಪ್ಪುತ್ತೇನೆ. ಅವನಿಗೆ ಹೋಗಲು ಒಂದು ಜಾಗವಿದ್ದರೆ ಅವಳಿಗೆ ಉಳಿಯಲು ಧೈರ್ಯ ಬರುತ್ತದೆ.

ನೆಂಟರಿಷ್ಟರು ನೋಡಿಕೊಳ್ಳುತ್ತಾರಲ್ಲ ಎಂಬ ಮಾತು ಅಲ್ಲೂ ಇದೆ, ಇಲ್ಲೂ ಇದೆ. ನೋಡಿಕೊಳ್ಳುತ್ತಾರೆ, ನಿಜ. ಬಂದವರನ್ನು ಹೊರಗಟ್ಟುವುದು ಇನುಯಿಟ್ ಮನೆತನಗಳ ವಾಡಿಕೆಯಲ್ಲ. ಆದರೆ ಮನೆಯಲ್ಲಿರುವ ವಯಸ್ಕರೆಲ್ಲರ ಆದಾಯ ಕೂಡಿಸಿ ಬಾಡಿಗೆ ಗೊತ್ತುಮಾಡುವ ಪದ್ಧತಿ ಉತ್ತರದ ಸರ್ಕಾರಿ ಮನೆಗಳಲ್ಲಿ ಬಹುಕಾಲ ಇತ್ತು. ತಂಗಿಯನ್ನು ಒಳಗೆ ಕರೆದುಕೊಂಡ ಅಕ್ಕನಿಗೆ ಬಾಡಿಗೆ ಏರಿತು, ಅತಿಥಿಗಳು ಇಷ್ಟು ದಿನಕ್ಕಿಂತ ಹೆಚ್ಚು ಇರಬಾರದೆಂಬ ಷರತ್ತು ಮೀರಿದ ಭಯ ಹತ್ತಿತು. ನಂಟಸ್ತಿಕೆಯ ಮೇಲೆ ಭಾರ ಹೊರಿಸಿದ ಸರ್ಕಾರವೇ ನಂಟಸ್ತಿಕೆಗೆ ದಂಡ ಹಾಕಿದಂತಾಯಿತು.

ಹೊಸ ಮನೆಗಳಿಗೆ ಹಡಗು ಬರಬೇಕು, ಬೇಸಿಗೆ ಬರಬೇಕು, ಕೋಟಿಗಟ್ಟಲೆ ಡಾಲರ್ ಬೇಕು. ಅದಕ್ಕೆ ಕಾಯುವುದು ಅನಿವಾರ್ಯ. ನಿಯಮ ತಿದ್ದಲು ಇದಾವುದೂ ಬೇಡ. ಹೊಡೆದವನು ಮಾಡಿದ ಬಾಕಿ, ಅವನು ಒಡೆದ ಬಾಗಿಲಿನ ಖರ್ಚು ಅವನ ಹೆಸರಿಗೇ ಹೋಗಲಿ. ಹಿಂಸೆಯಿಂದ ಊರು ಬಿಟ್ಟವಳಿಗೆ ನೆಲೆಸಿದ ಅವಧಿಯ ಷರತ್ತು ಬೇಡ, ಹಳೆಯ ಊರಿನ ಪಟ್ಟಿಯಲ್ಲಿ ಅವಳಿಗಿದ್ದ ಸರದಿ ಹೊಸ ಊರಿಗೂ ಬರಲಿ. ಮಕ್ಕಳು ತಾತ್ಕಾಲಿಕವಾಗಿ ಬೇರೆಡೆ ಇದ್ದರೂ ಮನೆ ಹಂಚುವಾಗ ಅವರನ್ನು ಅವಳ ಜೊತೆಗೇ ಎಣಿಸಲಿ. ಮಗುವನ್ನು ಬೇರೆಯವರ ಆರೈಕೆಯಲ್ಲಿಡಲು ಸರ್ಕಾರ ತಿಂಗಳಿಗೆ ಖರ್ಚುಮಾಡುವ ಹಣವನ್ನು ಮೊದಲು ಆ ತಾಯಿಯ ಬಾಡಿಗೆಗೆ ಕೊಟ್ಟು ನೋಡಲಿ. ಇಂಥ ನಿಯಮಗಳಲ್ಲಿ ಕೆಲವನ್ನು ಅಲ್ಲಲ್ಲಿ ಸಡಿಲಿಸಿದ್ದಾರೆ, ಆದರೆ ಸಡಿಲಿಸಿದ ನಿಯಮ ಅವಳಿಗೆ ತಿಳಿಯುವುದಿಲ್ಲ. ಆದ್ದರಿಂದ ವಸತಿ ಕಚೇರಿಯ ಕಿಟಕಿಯ ಬಳಿ ಇನುಯಿಟ್ ಭಾಷೆ, ಅಲ್ಲಿನ ಇನ್ನೊಂದು ಮೂಲನಿವಾಸಿ ಜನರಾದ ಡೆನೆಯವರ ಭಾಷೆಗಳನ್ನು ಬಲ್ಲ ಒಬ್ಬ ಹೆಂಗಸು ಕುಳಿತಿರಲಿ; ಫಾರಂ ತುಂಬಿಸುವ ಮುನ್ನ, ರಾತ್ರಿ ಎಲ್ಲಿ ಮಲಗಿದ್ದೆ, ಅಲ್ಲಿ ಭಯವಿತ್ತೇ ಎಂದು ಕೇಳಿ ಬರೆದುಕೊಳ್ಳಲಿ.